ನಮ್ಮ ಕರಾವಳಿಯಿಂದ ದೆಹಲಿಯವರೆಗೆ: ಇತಿಹಾಸ ಮತ್ತು ಸರ್ಕಾರದ ಬಗ್ಗೆ ಆರರಿಂದ ಎಂಟನೆಯ ತರಗತಿಯ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಶಾಲೆಗಳಲ್ಲಿ ಸಮಾಜ ವಿಜ್ಞಾನ ಓದುವ ಮಕ್ಕಳ ಪ್ರಶ್ನೆಗಳಲ್ಲಿ ಕೆಲವು ಪ್ರತಿವರ್ಷವೂ ಮರಳಿ ಬರುತ್ತವೆ. ಅವುಗಳಿಗೆ ಆದಷ್ಟು ನಮ್ಮ ಉತ್ತರ ಕನ್ನಡ ಜಿಲ್ಲೆಯ ಉದಾಹರಣೆಗಳನ್ನೇ ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ಯಾವ ಉತ್ತರವನ್ನು ಓದುವಾಗಲೂ ಮೂರು ಸಂಗತಿಗಳನ್ನು ವಿಚಾರಿಸುತ್ತ ಹೋಗಬೇಕು: ಅಧಿಕಾರ ಯಾರ ಕೈಯಲ್ಲಿತ್ತು, ಅದನ್ನು ಅವರಿಗೆ ಕೊಟ್ಟವರು ಯಾರು, ತಪ್ಪಾದಾಗ ಅವರನ್ನು ಕೇಳುವ ದಾರಿ ಯಾವುದು. ಇತಿಹಾಸವನ್ನೂ ಪೌರನೀತಿಯನ್ನೂ ಹೀಗೆ ಜೊತೆಯಾಗಿ ಓದಿದರೆ ಮಾತ್ರ ಎರಡೂ ಅರ್ಥವಾಗುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಜಿಲ್ಲೆಯನ್ನು ಯಾರು ಆಳುತ್ತಿದ್ದರು?

ಒಬ್ಬರಲ್ಲ, ಅನೇಕರು ಆಳಿದರು. ಈಗ ಶಿರಸಿ ತಾಲೂಕಿನಲ್ಲಿರುವ ಬನವಾಸಿ ನಾಲ್ಕನೆಯ ಶತಮಾನದಲ್ಲಿ ಕದಂಬರ ರಾಜಧಾನಿಯಾಯಿತು. ಓದಲೆಂದು ಕಂಚಿಗೆ ಹೋಗಿದ್ದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕಡೆಯವರಿಂದ ಅವಮಾನವಾಯಿತೆಂದೂ, ಆತ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದನೆಂದೂ ತಾಳಗುಂದದ ಶಾಸನ ಹೇಳುತ್ತದೆ. ಅದಾದ ಮೇಲೆ ಚಾಲುಕ್ಯರು, ವಿಜಯನಗರದವರು, ಅವರ ಅಧೀನದ ಅರಸು ಮನೆತನಗಳು ಬಂದವು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ನಮ್ಮ ಘಟ್ಟದ ಮೆಣಸಿಗಾಗಿ ಯುರೋಪಿನ ಹಡಗುಗಳು ಇಲ್ಲಿಯವರೆಗೆ ಬರುತ್ತಿದ್ದ ಕಾಲವದು. ಶಿರಸಿಯ ಹತ್ತಿರದ ಸೋಂದೆಯಲ್ಲಿ ನಾಯಕರು ಆಳಿದರು. ಮುಂದೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆ ನಡೆದು, 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಜಿಲ್ಲೆಯೂ ಸೇರಿದ್ದ ಕೆನರಾ ಪ್ರದೇಶ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು.

ಈ ಆಳರಸರಲ್ಲಿ ಒಳ್ಳೆಯವರಿದ್ದರು, ಕೆರೆ ಕಟ್ಟಿಸಿದವರಿದ್ದರು, ಗುಡಿ ಬಸದಿಗಳಿಗೆ ದತ್ತಿ ಬಿಟ್ಟವರಿದ್ದರು. ಆದರೆ ಅವರಲ್ಲಿ ಯಾರನ್ನೂ ಜನ ಆರಿಸಿದ್ದಿಲ್ಲ, ಇಳಿಸುವ ದಾರಿಯೂ ಜನರಿಗೆ ಇರಲಿಲ್ಲ.

ಕನ್ನಡ ಜಿಲ್ಲೆಯಾದ ನಮ್ಮದು ಮುಂಬಯಿ ಪ್ರಾಂತ್ಯದಲ್ಲಿ ಏಕೆ ಇತ್ತು?

ಕಂಪನಿ ಸರ್ಕಾರ ಮೊದಲು ಇಡೀ ಕೆನರಾವನ್ನು ಮದರಾಸು ಪ್ರಾಂತ್ಯಕ್ಕೆ ಸೇರಿಸಿತ್ತು. ಬಳಿಕ ಅದನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರ ಬಂದರಿನಿಂದ ಹೊರಗೆ ಸಾಗಿಸಬೇಕೆಂಬ ವ್ಯಾಪಾರಿಗಳ ಒತ್ತಾಯ ಇದರ ಹಿಂದಿತ್ತು. ಅಂದರೆ ಗಡಿ ಎಳೆದದ್ದು ವ್ಯಾಪಾರದ ಅನುಕೂಲ ನೋಡಿ. ಇಲ್ಲಿಯ ಜನ ಯಾವ ಭಾಷೆಯವರು, ಅವರಿಗೆ ಏನು ಬೇಕು ಎಂದು ಯಾರೂ ವಿಚಾರಿಸಲಿಲ್ಲ.

ಕರ್ನಾಟಕಕ್ಕೆ ನಾವು ಸೇರಿದ್ದು ಯಾವಾಗ?

1956ರ ನವೆಂಬರ್ 1ರಂದು. 1953ರಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗದ ವರದಿಯ ಮೇಲೆ ಸಂಸತ್ತು ರಾಜ್ಯಗಳ ಪುನರ್ವಿಂಗಡಣೆಯ ಕಾಯ್ದೆ ಮಾಡಿತು. ಮುಂಬಯಿ ರಾಜ್ಯದಿಂದ ಉತ್ತರ ಕನ್ನಡ, ಧಾರವಾಡ, ವಿಜಾಪುರ, ಮತ್ತು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಗಳು ಹೊಸ ಮೈಸೂರು ರಾಜ್ಯಕ್ಕೆ ಬಂದವು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಪರೀಕ್ಷೆಯಲ್ಲಿ ಈ ಎರಡು ವರ್ಷಗಳನ್ನು ಅದಲು ಬದಲು ಮಾಡುವವರು ಬಹಳ. ಏಕೀಕರಣ ಮೊದಲು, ನಾಮಕರಣ ಆಮೇಲೆ ಎಂದು ನೆನಪಿಟ್ಟುಕೊಂಡರೆ ಸಾಕು.

ಗಾಂಧೀಜಿ ದಾಂಡಿಯಲ್ಲಿ ಉಪ್ಪು ತಯಾರಿಸಿದರು. ಅಂಕೋಲಾದಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಲು ಕಾರಣವೇನು?

ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ಪಠ್ಯಪುಸ್ತಕದ ಒಂದು ಸಾಲು ನಮ್ಮ ಊರಿನ ಬಾಗಿಲಿಗೆ ಬರುವುದು ಇಲ್ಲಿಯೇ.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರವನ್ನು ನೋಡಿದವರಿಗೆ ಉಪ್ಪು ಎಷ್ಟು ಸರಳವಾಗಿ ಆಗುತ್ತದೆಂದು ಗೊತ್ತು. ಭರತದ ಸಮಯದಲ್ಲಿ ಅಳಿವೆಯ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ತುಳಿದು ಗಟ್ಟಿ ಮಾಡಿದ ಮಣ್ಣಿನ ಮಡಿಗಳಲ್ಲಿ ತೆಳ್ಳಗೆ ನಿಲ್ಲಿಸುತ್ತಾರೆ. ಬೇಸಿಗೆಯ ಬಿಸಿಲಿಗೆ ನೀರು ಆರುತ್ತ ಹೋದಂತೆ ಮೇಲೆ ಹರಳು ಕಟ್ಟುತ್ತದೆ. ಅದನ್ನು ಮರದ ಹಲಗೆಯಿಂದ ಬದುವಿಗೆ ಎಳೆದು ರಾಶಿ ಹಾಕುತ್ತಾರೆ. ಕಡಲೂ ಬಿಸಿಲೂ ಯಾರ ಸ್ವತ್ತೂ ಅಲ್ಲ. ಹೀಗಿದ್ದೂ ಸರ್ಕಾರದ ಅನುಮತಿಯಿಲ್ಲದೆ ಒಂದು ಹಿಡಿ ಉಪ್ಪು ಮಾಡುವುದು ಬ್ರಿಟಿಷರ ಕಾನೂನಿನ ಪ್ರಕಾರ ಅಪರಾಧವಾಗಿತ್ತು, ಮತ್ತು ಅತ್ಯಂತ ಬಡವನೂ ತನ್ನ ಗಂಜಿಗೆ ಹಾಕಿಕೊಳ್ಳುವ ಉಪ್ಪಿನ ಮೇಲೆ ತೆರಿಗೆ ಕೊಡಬೇಕಿತ್ತು.

1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಈ ಕಾನೂನನ್ನು ಮುರಿದರು. ಒಂದು ವಾರದ ನಂತರ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲಾದ ಕಡಲತೀರದಲ್ಲಿ ಅದೇ ಕಾನೂನು ಮುರಿಯಲಾಯಿತು. ಆ ದಿನಾಂಕಕ್ಕೂ ಅರ್ಥವಿದೆ: 1919ರ ಏಪ್ರಿಲ್ 13ರಂದೇ ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲಾಗಿತ್ತು.

ಈಗ ಮೊದಲು ಹೇಳಿದ ಮೂರು ಸಂಗತಿಗಳನ್ನು ಇಲ್ಲಿ ವಿಚಾರಿಸಿ ನೋಡಿ. ಉಪ್ಪಿನ ಕಾನೂನು ಮಾಡಿದವರನ್ನು ಅಂಕೋಲಾದ ರೈತರಾಗಲಿ ಮೀನುಗಾರರಾಗಲಿ ಆರಿಸಿರಲಿಲ್ಲ. ಅದನ್ನು ರದ್ದು ಮಾಡಿ ಎಂದು ಹೇಳಲು ಅವರ ಕೈಯಲ್ಲಿ ಮತವಿರಲಿಲ್ಲ. ಆದ್ದರಿಂದ ಬಹಿರಂಗವಾಗಿ, ಶಾಂತಿಯಿಂದ ಕಾನೂನು ಮುರಿದು ಶಿಕ್ಷೆಯನ್ನು ಅನುಭವಿಸುವುದೇ ಅವರಿಗೆ ಉಳಿದ ದಾರಿಯಾಗಿತ್ತು.

ಅಂಕೋಲಾವನ್ನು ಕರ್ನಾಟಕದ ಬಾರ್ಡೋಲಿ ಎನ್ನುವುದೇಕೆ?

ಗುಜರಾತಿನ ಬಾರ್ಡೋಲಿಯಲ್ಲಿ 1928ರಲ್ಲಿ ರೈತರು ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ಭೂಕಂದಾಯ ಕೊಡುವುದನ್ನು ನಿಲ್ಲಿಸಿದ್ದರು. ಉಪ್ಪಿನ ಸತ್ಯಾಗ್ರಹದ ಬೆನ್ನಿಗೆ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ಅಂಥದೇ ಕರನಿರಾಕರಣೆ ಚಳವಳಿ ನಡೆಯಿತು. ಕಂದಾಯ ಕೊಡದವರ ಗದ್ದೆ, ತೋಟ, ದನಕರು, ಅಡಿಗೆಯ ಪಾತ್ರೆಗಳನ್ನೂ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಸಿದ್ದಾಪುರದ ಕಡೆ ಹೆಂಗಸರು, ಹರಾಜಿನಲ್ಲಿ ಜಪ್ತಿ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತು ಅವರ ಮನಸ್ಸು ತಿರುಗಿಸಲು ಪ್ರಯತ್ನಿಸಿದರು. ಹೆಸರು ಪಾಠದಲ್ಲಿ ಬಾರದ ಈ ತಾಯಂದಿರ ಧೈರ್ಯ ಯಾವ ನಾಯಕರ ಧೈರ್ಯಕ್ಕೂ ಕಡಿಮೆಯದಲ್ಲ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಚುನಾಯಿತ ಸರ್ಕಾರ ಬಂದ ಮೇಲೆಯೇ ಕಳೆದುಕೊಂಡ ಭೂಮಿ ಹಿಂದಿರುಗುವ ದಾರಿಯಾಯಿತು.

ಆಗಸ್ಟ್ 15 ಮತ್ತು ಜನವರಿ 26, ಎರಡಕ್ಕೂ ಏನು ವ್ಯತ್ಯಾಸ?

1947ರ ಆಗಸ್ಟ್ 15ರಂದು ಬ್ರಿಟಿಷರ ಆಳ್ವಿಕೆ ಮುಗಿಯಿತು. 1950ರ ಜನವರಿ 26ರಂದು ನಮ್ಮದೇ ಸಂವಿಧಾನ ಜಾರಿಗೆ ಬಂದು ಭಾರತ ಗಣರಾಜ್ಯವಾಯಿತು, ಅಂದರೆ ದೇಶದ ಅತ್ಯುನ್ನತ ಸ್ಥಾನಕ್ಕೂ ವಂಶದಿಂದಲ್ಲ, ಆಯ್ಕೆಯಿಂದ ಬರಬೇಕು ಎಂದಾಯಿತು. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದೇ. 1930ರ ಜನವರಿ 26ನ್ನು ಪೂರ್ಣ ಸ್ವರಾಜ್ಯದ ದಿನವಾಗಿ ದೇಶ ಆಚರಿಸಿದ್ದರಿಂದ, ಜಾರಿಯ ದಿನವಾಗಿ ಜನವರಿ 26ನ್ನು ಆರಿಸಿಕೊಂಡರು.

ಸಂವಿಧಾನವನ್ನು ಅಂಬೇಡ್ಕರ್ ಒಬ್ಬರೇ ಬರೆದರೇ?

ಡಾ. ಬಿ. ಆರ್. ಅಂಬೇಡ್ಕರ್ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು. ಕರಡನ್ನು ಸಭೆಯ ಮುಂದಿಟ್ಟು, ಒಂದೊಂದು ವಿಧಿಯ ಬಗೆಗೂ ಎದ್ದ ಆಕ್ಷೇಪಗಳಿಗೆ ಉತ್ತರ ಕೊಟ್ಟು ಅದನ್ನು ದಡ ಮುಟ್ಟಿಸಿದ ಹೊಣೆ ಮುಖ್ಯವಾಗಿ ಅವರದು. ಆ ಕೆಲಸದ ಭಾರವನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಹಾಗೆಯೇ ಸಂವಿಧಾನ ಒಪ್ಪಿಕೊಂಡದ್ದು ಇಡೀ ಸಂವಿಧಾನ ರಚನಾ ಸಭೆ ಎಂಬುದನ್ನೂ ಮರೆಯಬಾರದು. ಡಾ. ರಾಜೇಂದ್ರ ಪ್ರಸಾದರು ಅದರ ಅಧ್ಯಕ್ಷರು. ಮೊದಲ ಕರಡನ್ನು ಸಿದ್ಧಪಡಿಸಿದ ಸಾಂವಿಧಾನಿಕ ಸಲಹೆಗಾರ ಬೆನಗಲ್ ನರಸಿಂಗ ರಾವ್ ನಮ್ಮ ಕರಾವಳಿಯ ಮಂಗಳೂರಿನಲ್ಲಿ ಹುಟ್ಟಿದವರು. 1946ರ ಡಿಸೆಂಬರ್ 9ರಂದು ಮೊದಲು ಸೇರಿದ ಸಭೆ, ಸುಮಾರು ಮೂರು ವರ್ಷ ಚರ್ಚಿಸಿ 395 ವಿಧಿಗಳ ಸಂವಿಧಾನವನ್ನು ದೇಶಕ್ಕೆ ಕೊಟ್ಟಿತು.

ಮೂಲಭೂತ ಹಕ್ಕುಗಳಿಂದ ನಮ್ಮಂಥ ಮಕ್ಕಳಿಗೆ ಏನು ಸಿಗುತ್ತದೆ?

ಎಲ್ಲಕ್ಕಿಂತ ಹತ್ತಿರದ್ದು 21ಎ ವಿಧಿ. 2002ರ 86ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕಾಯಿತು. ಅದನ್ನು ಜಾರಿಗೆ ತರುವ ಕಾಯ್ದೆ 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಜೊಯಿಡಾದ ಕಾಡಿನೊಳಗಿನ ಮಜರೆಯ ಮಗುವಿಗೂ ಕಾರವಾರ ಪೇಟೆಯ ಮಗುವಿಗೂ ಈ ಹಕ್ಕು ಒಂದೇ. ಅಸ್ಪೃಶ್ಯತೆಯನ್ನು ರದ್ದುಪಡಿಸಿದ 17ನೆಯ ವಿಧಿ, ಕಾರ್ಖಾನೆ ಮತ್ತು ಗಣಿಗಳಲ್ಲಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದ 24ನೆಯ ವಿಧಿ ಇವನ್ನೂ ಓದಿರಿ. ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದೆಂದು 32ನೆಯ ವಿಧಿ ಹೇಳುತ್ತದೆ.

ಸಮಾನತೆ ಎಂದರೆ ಎಲ್ಲರಿಗೂ ಒಂದೇ ಅಳತೆ ಎಂದಷ್ಟೇ ಅಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಕಾಡಂಚಿನಲ್ಲಿರುವ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ಗುಲಾಮರಾಗಿ ತರಲಾಗಿತ್ತು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರಾದರು. ತಲೆಮಾರುಗಳಿಂದ ಹಿಂದೆ ಉಳಿದವರನ್ನು ಮುಂದೆ ತರುವ ಏರ್ಪಾಟನ್ನು ಸಂವಿಧಾನವೇ ಮಾಡಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದರೇನು? ಇದನ್ನು ನೆನಪಿಡುವುದು ಕಷ್ಟವಾಗುತ್ತದೆ.

ಬಾಯಿಪಾಠ ಮಾಡಲು ಹೋದರೆ ಕಷ್ಟವೇ. ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ಸುತ್ತ ನೋಡಿದರೆ ಅರ್ಧ ಪಾಠ ಅಲ್ಲಿಯೇ ಕಾಣುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಯಾವ ವಿಷಯದ ಮೇಲೆ ಯಾರು ಕಾನೂನು ಮಾಡಬೇಕೆಂದು ಹಂಚಿಕೊಟ್ಟಿದೆ. ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿದೆ. ಆದರೆ ಪ್ರಾದೇಶಿಕ ಸಮುದ್ರದ ಆಚೆಗಿನ ಮೀನುಗಾರಿಕೆ ಕೇಂದ್ರ ಪಟ್ಟಿಗೆ ಸೇರಿದೆ. ಪ್ರಾದೇಶಿಕ ಸಮುದ್ರವೆಂದರೆ ತೀರದ ಆಧಾರರೇಖೆಯಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್. ಹೀಗಾಗಿ ಬೆಳಗಿನ ಜಾವ ಹೊರಟ ಟ್ರಾಲ್ ಬೋಟ್ ಮೊದಲು ರಾಜ್ಯದ ಕಾನೂನಿನ ನೀರಿನಲ್ಲಿ ಸಾಗಿ, ಆಳಸಮುದ್ರಕ್ಕೆ ಹೋದಾಗ ಕೇಂದ್ರದ ಕಾನೂನಿನ ನೀರಿಗೆ ದಾಟುತ್ತದೆ. ನೀರಿನ ಮೇಲೆ ಗೆರೆಯಂತೂ ಕಾಣುವುದಿಲ್ಲ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯಬಾರದೆಂಬ 61 ದಿನಗಳ ನಿಷೇಧವಿರುವುದು ನಿಮಗೆ ಗೊತ್ತಿದೆ. ಮೀನು ಮರಿಹಾಕುವ ಕಾಲದಲ್ಲಿ ಕಡಲನ್ನು ಬಿಟ್ಟುಕೊಡುವ ಈ ನಿಯಮಕ್ಕೆ ಎರಡೂ ಸರ್ಕಾರಗಳು ತಂತಮ್ಮ ವ್ಯಾಪ್ತಿಯಲ್ಲಿ ಆದೇಶ ಹೊರಡಿಸಬೇಕಾಗುತ್ತದೆ, ಏಕೆಂದರೆ ಒಬ್ಬರ ಆದೇಶದಿಂದ ಇಡೀ ಕಡಲು ಒಳಪಡುವುದಿಲ್ಲ.

ಕಣ್ಣು ತಿರುಗಿಸಿದರೆ ಉಳಿದವೂ ಸಿಗುತ್ತವೆ. ದೀಪಸ್ತಂಭ, ರೈಲ್ವೆ, ರಾಷ್ಟ್ರೀಯ ಹೆದ್ದಾರಿ 66, ಕದಂಬರ ಹೆಸರನ್ನೇ ಹೊತ್ತಿರುವ ಐಎನ್‌ಎಸ್ ಕದಂಬ ನೌಕಾನೆಲೆ, ಕೈಗಾದ ಅಣು ವಿದ್ಯುತ್ ಸ್ಥಾವರ ಇವೆಲ್ಲ ಕೇಂದ್ರದ ವಿಷಯಗಳು. ಪೊಲೀಸ್ ಠಾಣೆ, ಜಿಲ್ಲಾ ಆಸ್ಪತ್ರೆ, ಭೂಕಂದಾಯ ರಾಜ್ಯದ ವಿಷಯಗಳು. ಕಾಡು ಮತ್ತು ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿದ್ದು, 1976ರ 42ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂದವು. ಸಮವರ್ತಿ ವಿಷಯದಲ್ಲಿ ಇಬ್ಬರೂ ಕಾನೂನು ಮಾಡಬಹುದು. ಎರಡಕ್ಕೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಕೇಂದ್ರದ ಕಾನೂನು ನಿಲ್ಲುತ್ತದೆ.

ಶಾಸಕರು ಮತ್ತು ಸಂಸದರು ಬೇರೆ ಬೇರೆಯೇ?

ಹೌದು. ಶಾಸಕರು ಬೆಂಗಳೂರಿನ ವಿಧಾನಸಭೆಗೆ, ಸಂಸದರು ದೆಹಲಿಯ ಲೋಕಸಭೆಗೆ ನಮ್ಮ ಪ್ರತಿನಿಧಿಗಳು. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ನಮ್ಮ ಜಿಲ್ಲೆಗೆ ಆರು: ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ. ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕಕ್ಕೆ 28. ಅದರಲ್ಲಿ ಉತ್ತರ ಕನ್ನಡ ಕ್ಷೇತ್ರಕ್ಕೆ ನಮ್ಮ ಆರರ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರುತ್ತವೆ. ಮತಕ್ಷೇತ್ರದ ಗಡಿಯೂ ತಾಲೂಕಿನ ಗಡಿಯೂ ಒಂದೇ ಆಗಿರಬೇಕೆಂದಿಲ್ಲ: ಬನವಾಸಿ ಶಿರಸಿ ತಾಲೂಕಿನಲ್ಲಿದ್ದರೂ ಅಲ್ಲಿಯವರು ಮತ ಹಾಕುವುದು ಯಲ್ಲಾಪುರ ವಿಧಾನಸಭಾ ಕ್ಷೇತ್ರದಲ್ಲಿ.

ಪಕ್ಷವಿಲ್ಲದೆಯೂ ಚುನಾವಣೆಗೆ ನಿಲ್ಲಬಹುದು. ಚುಟುಕು ಕವಿ ದಿನಕರ ದೇಸಾಯಿಯವರು 1967ರಲ್ಲಿ ಆಗಿನ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಲೋಕಸಭೆಗೆ ಆರಿಸಿ ಬಂದಿದ್ದರು.

ರಾಷ್ಟ್ರಪತಿ ದೊಡ್ಡವರೋ ಪ್ರಧಾನಮಂತ್ರಿ ದೊಡ್ಡವರೋ?

ಸ್ಥಾನದಲ್ಲಿ ರಾಷ್ಟ್ರಪತಿ, ನಿತ್ಯದ ಆಡಳಿತದ ಹೊಣೆಯಲ್ಲಿ ಪ್ರಧಾನಮಂತ್ರಿ. ರಾಷ್ಟ್ರಪತಿಗಳನ್ನು ಸಂಸತ್ತಿನ ಎರಡೂ ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. ಆ ಮಂತ್ರಿಮಂಡಲ ಲೋಕಸಭೆಗೆ ಉತ್ತರಿಸಬೇಕು, ಲೋಕಸಭೆಯ ವಿಶ್ವಾಸ ಕಳೆದುಕೊಂಡರೆ ಇಳಿಯಬೇಕು.

ಗ್ರಾಮ ಪಂಚಾಯತಿಯೂ ಸರ್ಕಾರವೇ?

ಖಂಡಿತವಾಗಿ ಸರ್ಕಾರವೇ, ಮತ್ತು ನಮಗೆ ಅತಿ ಹತ್ತಿರದ್ದು. ಈ ಪಾಠದಲ್ಲಿ ನಮ್ಮ ಜಿಲ್ಲೆಗೆ ವಿಶೇಷ ಸ್ಥಾನವಿದೆ. ಸಿದ್ದಾಪುರ ತಾಲೂಕಿನ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1983ರ ಕಾಯ್ದೆ ರೂಪುಗೊಂಡು, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಅದರಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿತ್ತು. ಇಡೀ ದೇಶಕ್ಕೆ ಅನ್ವಯಿಸುವ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಅಂದರೆ ನಮ್ಮಲ್ಲಿ ಶುರುವಾದ ಎಷ್ಟೋ ವರ್ಷಗಳ ಮೇಲೆ. ಈಗ ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ.

ಕುಡಿಯುವ ನೀರಿನ ಪೈಪು, ಬೀದಿ ದೀಪ, ಮಳೆಗಾಲಕ್ಕೆ ಮುಂಚೆ ಬಿಡಿಸಬೇಕಾದ ಗಟಾರ, ಮನೆ ಕಟ್ಟಲು ನೆರವು ಪಡೆಯುವವರ ಪಟ್ಟಿ, ಇವೆಲ್ಲ ಗ್ರಾಮಸಭೆಯಲ್ಲಿ ಮಾತಿಗೆ ಬರುತ್ತವೆ. ಊರಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಅಲ್ಲಿ ಲೆಕ್ಕ ಕೇಳುವುದು ಜಗಳವಲ್ಲ, ಹಕ್ಕು. ಶಿರಸಿ, ಕಾರವಾರದಂಥ ಊರುಗಳಲ್ಲಿ ಈ ಕೆಲಸವನ್ನು ನಗರಸಭೆ ಮಾಡುತ್ತದೆ.

ಜಿಲ್ಲಾಧಿಕಾರಿಗಳನ್ನು ನಾವು ಆರಿಸುವುದಿಲ್ಲ. ಹಾಗಾದರೆ ಅವರಿಗೆ ಅಷ್ಟು ಅಧಿಕಾರ ಏಕೆ?

ಜಿಲ್ಲಾಧಿಕಾರಿ, ಸಹಾಯಕ ಆಯುಕ್ತರು, ತಹಶೀಲ್ದಾರರು ಸರ್ಕಾರದ ನೌಕರರು. ಚುನಾಯಿತರು ಮಾಡಿದ ಕಾನೂನನ್ನು ನಡೆಸುವುದು ಇವರ ಕೆಲಸ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡ ದುಃಖವನ್ನು ನಾವಿನ್ನೂ ಮರೆತಿಲ್ಲ. ಮಣ್ಣಿನಡಿಯಲ್ಲಿ ಮತ್ತು ಗಂಗಾವಳಿ ನದಿಯಲ್ಲಿ ಹುಡುಕಾಟ ನಡೆದಾಗ ಜಿಲ್ಲಾಡಳಿತ, ರಾಜ್ಯದ ಪೊಲೀಸರು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಭೂಸೇನೆ, ನೌಕಾದಳದ ಮುಳುಗುಗಾರರು ಎಲ್ಲರೂ ಬಂದಿದ್ದರು. ಅಂಥ ಹೊತ್ತಿನಲ್ಲಿ ಇವರನ್ನೆಲ್ಲ ಒಂದೆಡೆ ಸೇರಿಸಿ ತೀರ್ಮಾನಿಸುವವರೊಬ್ಬರು ಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಆ ಹೊಣೆಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಟ್ಟಿದೆ.

ನ್ಯಾಯಾಲಯ ಸಂಸತ್ತಿಗಿಂತ ಮೇಲೆಯೇ?

ಯಾರೂ ಯಾರಿಗೂ ಮೇಲಲ್ಲ, ಸಂವಿಧಾನ ಎಲ್ಲರಿಗೂ ಮೇಲೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿಯವರು ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ನಮ್ಮ ಜಿಲ್ಲೆಯವರು ಹೈಕೋರ್ಟಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಧಾರವಾಡ ಪೀಠದ ವ್ಯಾಪ್ತಿಗೆ ನಾವು ಸೇರುತ್ತೇವೆ.

ಕಾರವಾರದಿಂದ ಕಾಣುವ ಅಂಜುದ್ವೀಪ ಗೋವಾಕ್ಕೆ ಸೇರಿದ್ದು ಹೇಗೆ?

1947ರಲ್ಲಿ ದೇಶ ಸ್ವತಂತ್ರವಾದರೂ ಗೋವಾ ಪೋರ್ಚುಗೀಸರ ಕೈಯಲ್ಲೇ ಉಳಿದಿತ್ತು, ಅಂಜುದ್ವೀಪವೂ ಅವರದಾಗಿತ್ತು. 1961ರ ಡಿಸೆಂಬರ್ 18ರಂದು ಭಾರತೀಯ ನೌಕಾದಳ ಆ ದ್ವೀಪಕ್ಕೆ ಇಳಿದಾಗ ನಡೆದ ಹೋರಾಟದಲ್ಲಿ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಮರುದಿನ ಗೋವಾ ವಿಮೋಚನೆಯಾಯಿತು. ಹಿಂದೆ ಪೋರ್ಚುಗೀಸರ ಗೋವಾಕ್ಕೆ ಸೇರಿದ್ದ ಕಾರಣ ದ್ವೀಪ ಈಗಲೂ ಗೋವಾದ ಭಾಗವೇ. ಗೋವಾ ಮೊದಲು ಕೇಂದ್ರಾಡಳಿತ ಪ್ರದೇಶವಾಗಿದ್ದು, 1987ರ ಮೇ 30ರಂದು ರಾಜ್ಯವಾಯಿತು.

ಮೂಲಭೂತ ಕರ್ತವ್ಯಗಳನ್ನು ಯಾರಾದರೂ ನಿಜವಾಗಿ ಪಾಲಿಸುತ್ತಾರೆಯೇ?

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಹೆಂಗಸರು, ಗಂಡಸರು, ಯುವಕರು ಕಳಸೆ ಕಾಡಿಗೆ ನಡೆದು ಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿಯ ಆರಂಭ. ಕಾಡು, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿ ನಾಗರಿಕರ ಕರ್ತವ್ಯವೆಂದು 51ಎ ವಿಧಿ ಹೇಳುತ್ತದೆ. ಕರ್ತವ್ಯ ಪಾಲಿಸದವರಿಗೆ ಆ ವಿಧಿಯಲ್ಲಿ ಶಿಕ್ಷೆ ಹೇಳಿಲ್ಲ. ಸಾಲ್ಕಣಿಯವರನ್ನು ಯಾರೂ ಒತ್ತಾಯಿಸಿಯೂ ಇರಲಿಲ್ಲ.

ಮತದಾನಕ್ಕೆ 18 ವರ್ಷ ಆಗಬೇಕು. ಅಲ್ಲಿಯವರೆಗೆ ನಾವು ಏನೂ ಮಾಡುವಂತಿಲ್ಲವೇ?

ಮಾಡಬಹುದು. ಕರ್ನಾಟಕದ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲದಿದ್ದರೆ, ಹಳ್ಳಕ್ಕೆ ಕಾಲುಸಂಕ ಕೊಚ್ಚಿಹೋಗಿ ಮಳೆಗಾಲದಲ್ಲಿ ತರಗತಿ ತಪ್ಪುತ್ತಿದ್ದರೆ ಅಲ್ಲಿ ಎದ್ದು ಹೇಳಬಹುದು, ಬರೆದು ಕೊಡಬಹುದು, ಏನಾಯಿತೆಂದು ಮುಂದಿನ ಸಭೆಯಲ್ಲಿ ವಿಚಾರಿಸಬಹುದು. ಅರ್ಜಿ ಬರೆಯುವಾಗ ವಿಷಯವನ್ನು ಒಂದು ಸಾಲಿನಲ್ಲಿ ತಿಳಿಸಿ, ಸ್ಥಳ ಮತ್ತು ದಿನಾಂಕ ನಮೂದಿಸಿ, ಕೊಟ್ಟದ್ದಕ್ಕೆ ಪಂಚಾಯತಿಯ ಮುದ್ರೆಯಿರುವ ಸ್ವೀಕೃತಿಯನ್ನು ಪಡೆದು ಶಾಲೆಯಲ್ಲಿ ಇಟ್ಟುಕೊಳ್ಳಿರಿ.